ಉಣ್ಣುವವರ ಬಾಯಿ ನೋಡುವ ಚಟ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನ್ನದು ಉಣ್ಣುವವರ ಬಾಯಿ ನೋಡುವ ಚಟ. ಎಲೆ ಅಡಿಕೆಯವನಿಂದ ಕೆಡುವುದು ಊರಿನ ಗೋಡೆ, ಇಸ್ಪೀಟಿನವನಿಂದ ಕೆಡುವುದು ಅವನದೇ ಸಂಸಾರ. ನನ್ನಿಂದ ಕೆಡುವುದು ಎದುರಿಗೆ ಕುಳಿತವನ ಊಟ. ಅವನು ತುತ್ತು ಮಾಡಿದರೆ ನನ್ನ ಕಣ್ಣು ತುತ್ತಿನ ಹಿಂದೆ ಹೋಗುತ್ತದೆ, ಅವನು ಬಾಯಿ ತೆರೆದರೆ ನನ್ನ ಬಾಯಿಯೂ ತುಸು ತೆರೆಯುತ್ತದೆ, ಅವನು ನುಂಗಿದರೆ ನನ್ನ ಗಂಟಲ ಮಣಿ ಮೇಲೆ ಹೋಗಿ ಕೆಳಗೆ ಬರುತ್ತದೆ. ಇದು ನನಗೆ ಗೊತ್ತಿರಲಿಲ್ಲ. ನಮ್ಮ ಮುಖ ನಮಗೆ ಕಾಣುವುದಿಲ್ಲವಲ್ಲ. ಗೊತ್ತಾದದ್ದು ಈಚೆಗೆ, ಅದೂ ನನ್ನ ಅಕ್ಕ ಬೈದು ಹೇಳಿದ ಮೇಲೆ.

ಇದಕ್ಕೆ ನನ್ನ ಕಸುಬೂ ಕಾರಣ. ಗಡಿಯಾಚೆ ತೆಲುಗು ರಾಜ್ಯಕ್ಕೆ ಸೇರಿದ ಮಕ್ತಲ್ ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಖಾನಾವಳಿ ಇದೆ. ನಾನು ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವನು. ನಮ್ಮ ಕಡೆ ಕಚೇರಿಯ ಕಾಗದವೆಲ್ಲ ತೆಲುಗು, ಮನೆಯ ಮಾತು ಕನ್ನಡ, ಜಗಳ ಬಿಗಿಯಾದರೆ ಉರ್ದು. ಈ ಮೂರರಲ್ಲಿ ಯಾವುದರಲ್ಲೂ ನಾನು ಪಾಸಾದವನಲ್ಲ. ಆದರೆ ಉಣ್ಣುವವನ ತಾಟು ನೋಡಿ ಅವನಿಗೆ ಇನ್ನೊಂದು ರೊಟ್ಟಿ ಬೇಕೋ, ಸಾರು ಬೇಕೋ, ಅಥವಾ ಉಂಡಾದ ಮೇಲೂ ಸುಮ್ಮನೆ ಜಾಗ ಹಿಡಿದು ಕೂತಿದ್ದಾನೋ ಎಂದು ಹೇಳಬಲ್ಲೆ. ಒಮ್ಮೆ ಮರಿಕಲ್ಲಿನ ರೈತನೊಬ್ಬ ಊಟದ ನಡುವೆ ಎದ್ದು ನಿಂತು, "ಸಾವ್ಕಾರ್ರ, ನೀವೇ ಇಲ್ಲಿ ಬಂದು ಕುಂದ್ರ್ರಿ, ನಾನು ಅಲ್ಲಿ ನಿಂತು ನೋಡ್ತೀನಿ. ಇಬ್ಬರಾಗ ಒಬ್ಬರಾದ್ರೂ ಹೊಟ್ಟಿ ತುಂಬ ಉಣ್ಣೋಣು" ಎಂದ. ಖಾನಾವಳಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಅವನು ಕುಳಿತ ಮೇಲೆ ಮತ್ತೆ ಅವನ ತಾಟು ನೋಡಿದೆ.

ಖಾನಾವಳಿಯ ರೊಟ್ಟಿ ನನ್ನ ಅಕ್ಕ ಮಾಣಿಕಮ್ಮನದು. ನನಗಿಂತ ಸಾಕಷ್ಟು ದೊಡ್ಡವಳು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಬಂದವಳೇ ಒಲೆಯ ಮುಂದೆ ಕೂತಳು, ಹಾಗೆ ಕೂತವಳು ಕೊನೆಗೆ ನನ್ನ ಖಾನಾವಳಿಯ ಹೆಸರೇ ಆದಳು. ಬೋರ್ಡಿನ ಮೇಲೆ ದೇವರ ಹೆಸರು ಬರೆಸಿದ್ದೇನೆ; ಜನ ಮಾತ್ರ 'ಮಾಣಿಕಮ್ಮನ ರೊಟ್ಟಿ' ಎನ್ನುತ್ತಿದ್ದರು. ಬಲಗೈ ಬಡಿಯುತ್ತಿದ್ದರೆ ಜೋಳದ ಹಿಟ್ಟು ತಾನಾಗಿಯೇ ದುಂಡಗೆ ತಿರುಗುತ್ತ ಹೋಗುತ್ತಿತ್ತು. ಅವಳಿಗೆ ಒಂದು ನೇಮ ಇತ್ತು: ತಾನು ಬಡಿಸಿದ ಮೇಲೆ ಉಣ್ಣುವವರ ಕಡೆ ಬೆನ್ನು ಮಾಡಿ ನಿಲ್ಲುವುದು. "ಉಣ್ಣೋರ ಬಾಯಿ ನೋಡಬಾರದೋ ಚೆನ್ನಾ. ನಾಯಿ ಬೆಕ್ಕು ಸೈತ ತಿನ್ನೋವಾಗ ಗ್ವಾಡಿಗೆ ಮಾರಿ ಮಾಡ್ತಾವು" ಎನ್ನುತ್ತಿದ್ದಳು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಮಾತೇ. ದೃಷ್ಟಿಯಾಗುತ್ತದೆ, ತುತ್ತು ಗಂಟಲಿಗೆ ಅಡರುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ ಎನ್ನುತ್ತಾರೆ. ನಾನು, "ನೋಡದಿದ್ದರ ಧಂದೆ ಹೆಂಗ ನಡೀತೈತಿ ಅಕ್ಕಾ?" ಎಂದು ಕೇಳುತ್ತಿದ್ದೆ.

ಅಂಥ ಅಕ್ಕನಿಗೆ ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದಾಗಲೇ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿತು. ಆಸ್ಪತ್ರೆಯಿಂದ ಬಂದ ಮೇಲೆ ಮಾತು ಒಂದಿಷ್ಟು ಮರಳಿತು, ಮೊದಲು ಮರಳಿದ್ದು ಬೈಗುಳ. ಕೈ ಮರಳಲಿಲ್ಲ. ನಮ್ಮ ಮನೆ ಖಾನಾವಳಿಯ ಮೇಲಿನ ಮಾಳಿಗೆ, ಏಣಿಯಂಥ ಮೆಟ್ಟಿಲು. ನನ್ನ ಹೆಂಡತಿಯ ಮೊಣಕಾಲು ಅವಳನ್ನೇ ಹೊರುವುದಿಲ್ಲ. ಅಕ್ಕನನ್ನು ಎತ್ತಿ ಕೂರಿಸಲು ಇಬ್ಬರು ಬೇಕು. ಕೊನೆಗೆ ಗದ್ವಾಲದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಆಶ್ರಮದಲ್ಲಿ ಅವಳನ್ನು ಇಟ್ಟೆವು. ನರ್ಸಮ್ಮ ಇದ್ದಾರೆ, ಗಾಲಿ ಕುರ್ಚಿ ಇದೆ, ನೆಲ ಸಪಾಟಾಗಿದೆ. 'ಬಿಡಪಾ, ಅಲ್ಲಿ ನಾಲ್ಕು ಮಂದಿ ಮಾತಾಡಾಕ ಸಿಗ್ತಾರ' ಎಂದು ಅಕ್ಕನೇ ಹೇಳಿದಳು. ಆದರೂ ಕೋಸಗಿಯಲ್ಲಿರುವ ನಮ್ಮ ಸೋದರತ್ತೆ ಫೋನು ಮಾಡಿ, "ಊರಿಗೆಲ್ಲ ಅನ್ನ ಹಾಕ್ತಿ, ಒಡಹುಟ್ಟಿದಾಕಿಗೆ ಹಾಕಾಕ ಆಗಲಿಲ್ಲೇನೋ ನಿನಗ?" ಎಂದಾಗ ನನ್ನ ಬಳಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಸೋದರತ್ತೆಗೆ ಮಾತ್ರ ಆ ಪ್ರಶ್ನೆ ಬಹಳ ಹಿಡಿಸಿ, ಹಬ್ಬಕ್ಕೊಮ್ಮೆ ಕೇಳುತ್ತಾಳೆ.

ಉತ್ತರವಿಲ್ಲದವನು ಏನು ಮಾಡುತ್ತಾನೆ? ಬಸ್ಸು ಹತ್ತುತ್ತಾನೆ. ಪ್ರತಿ ಭಾನುವಾರ ಖಾನಾವಳಿಯನ್ನು ಹೆಂಡತಿಗೆ ಒಪ್ಪಿಸಿ ನಾನು ಗದ್ವಾಲಕ್ಕೆ ಹೊರಡುವುದು ರೂಢಿಯಾಯಿತು. ಅಮರಚಿಂತ, ಆತ್ಮಕೂರು ದಾಟಿ ಜೂರಾಲ ಆಣೆಕಟ್ಟಿನ ಮೇಲೆ ಬಸ್ಸು ನಿಧಾನಕ್ಕೆ ಹೋಗುವಾಗ ಅಲ್ಲಿ ಸಾಲು ಸಾಲು ಅಂಗಡಿಗಳಲ್ಲಿ ಮೀನು ಹುರಿಯುತ್ತಿರುತ್ತಾರೆ. ನಾವು ಶೈವರು, ಮೀನು ಮುಟ್ಟುವವರಲ್ಲ. ಆದರೆ ಅಲ್ಲಿ ಹತ್ತಿದವರು ಪೊಟ್ಟಣ ಬಿಚ್ಚಿ ತಿನ್ನುವಾಗ ನನ್ನ ಕಣ್ಣು ಅತ್ತಲೇ. ಒಮ್ಮೆ ಒಬ್ಬಾಕೆ ಪಾಪ ಎಂದುಕೊಂಡು ನನಗೂ ಒಂದು ತುಂಡು ಚಾಚಿದಳು. "ವೊದ್ದಮ್ಮಾ, ನಾ ತಿನ್ನಂಗಿಲ್ಲ" ಎಂದೆ. "ಮತ್ತ ಯಾಕ ಹಂಗ ನೋಡ್ತೀ ಮಾರಾಯಾ?" ಎಂದಳು.

ಆಶ್ರಮದಲ್ಲಿ ಅಕ್ಕ ಉಣ್ಣುತ್ತಿರಲಿಲ್ಲ. ಕಷ್ಟ ಶುರುವಾದದ್ದೇ ಇಲ್ಲಿ. ಬಲಗೈ ಏಳುವುದಿಲ್ಲ. ಆಯಾ ಬಂದು ತಿನ್ನಿಸಲು ಹೋದರೆ ಬಾಯಿ ಬಿಗಿ ಹಿಡಿಯುವಳು. ತಿನ್ನಿಸಿಕೊಳ್ಳುವುದು ಕೂಸುಗಳ ಕೆಲಸವಂತೆ. ಸರಿ, ಎಡಗೈ ಇದೆಯಲ್ಲ, ಅದರಲ್ಲಿ ಉಣ್ಣು ಎಂದರೆ ಕೆರಳಿ ಕೆಂಡವಾಗುವಳು. "ಎಡಗೈಲೆ ಉಂಡ ಮಾಣಿಕಿ ಅಂತ ಹೆಸರು ತಗೊಂಡು ಸಾಯಬೇಕೇನು ನಾನು? ಆ ಕೈ ಯಾತಕ್ಕೈತಿ ಅಂತ ಗೊತ್ತಿಲ್ಲೇನು ನಿಮಗ?" ಎಂದು ಕೇಳುವಳು. ನರ್ಸಮ್ಮ ಕೇರಳದ ಕಡೆಯವರು, ತೆಲುಗಿನಲ್ಲಿ ಮಾತಾಡುತ್ತಾರೆ. ಅವರಿಗೆ ಈ ಬೈಗುಳದ ಅರ್ಥ ಹೇಳಲು ನಾನು ತಡಬಡಿಸಿದೆ. ಮಾಡಿದ ಅನ್ನ ತಾಟಿನಲ್ಲೇ ಒಣಗುತ್ತಿತ್ತು. ಅಕ್ಕನ ಕೆನ್ನೆ ಒಳಕ್ಕೆ ಹೋದವು. ಕೈಯ ಬೆಳ್ಳಿ ಕಡಗ ಮೊಣಕೈತನಕ ಜಾರತೊಡಗಿತು.

ನಾನು ಹೋದ ಭಾನುವಾರಗಳಲ್ಲಿ ನಾನೇ ಉಣ್ಣಿಸಲು ನೋಡುತ್ತಿದ್ದೆ. ಹೆಂಡತಿಯ ಕೈಯಿಂದ ರೊಟ್ಟಿ ಮುಟಗಿ ಮಾಡಿಸಿಕೊಂಡು ಹೋಗುತ್ತಿದ್ದೆ. ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಉಪ್ಪು, ಖಾರ, ಎಣ್ಣೆ ಹಾಕಿ ಕುಟ್ಟಿ ಉಂಡೆ ಕಟ್ಟಿದರೆ ಅಕ್ಕನಿಗೆ ಪ್ರಾಣ. ತುತ್ತು ಹಿಡಿದು ಅವಳ ಬಾಯಿಯ ಮುಂದೆ ಕೂರುತ್ತಿದ್ದೆ. ಅವಳು ಎರಡು ತುತ್ತು ತಿಂದು ಮುಖ ತಿರುಗಿಸುತ್ತಿದ್ದಳು. "ಇನ್ನೊಂದು ತಗೋ ಅಕ್ಕಾ." "ಒಲ್ಲೆ." "ನನ್ನ ಆಣಿ ಐತಿ." "ನಿನ್ನ ಆಣಿ ನೀನಽ ತಿನ್ನು." ಹೀಗೆ. ವಾರಕ್ಕೊಮ್ಮೆ ಬರುವ ಡಾಕ್ಟರು ಅವಳನ್ನು ತೂಗಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. ಹೀಗೇ ಇಳಿಯುತ್ತ ಹೋದರೆ ಬಾಯಿಯ ನಂಬಿಕೆ ಬಿಡಬೇಕಾಗುತ್ತದೆ, ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಗಂಜಿ ಬಿಡಬೇಕಾಗುತ್ತದೆ ಎಂದರು. ತಿಂಗಳ ಕೊನೆಯವರೆಗೆ ನೋಡೋಣ ಎಂದೂ ಹೇಳಿದರು. ಅವರು ಕೆಟ್ಟವರಲ್ಲ. ಆದರೆ ಆ ಮಾತು ಕೇಳಿದಾಗ, ಊರಿಗೇ ರೊಟ್ಟಿ ಬಡಿದು ಹಾಕಿದವಳ ಮೂಗಿನಲ್ಲಿ ನಳಿಗೆ ತೂಗುವುದು ಕಣ್ಣಿಗೆ ಕಟ್ಟಿತು. ಜೂರಾಲದ ಮೀನಿನ ವಾಸನೆ ಕೂಡ ಆ ದಿನ ನನ್ನ ಮೂಗಿಗೆ ತಾಗಲಿಲ್ಲ.

ಉಪಾಯ ಹೇಳಿದವರು ನರ್ಸಮ್ಮ. ಕೈ ಸೋತವರಿಗೆಂದೇ ಊಟದ ಸಾಮಾನು ಸಿಗುತ್ತದಂತೆ. ಫೋನಿನಲ್ಲಿ ಚಿತ್ರ ತೋರಿಸಿದರು. ಒಂದು ಕಡೆ ಅಂಚು ಗೋಡೆಯ ಹಾಗೆ ಎದ್ದಿರುವ ತಾಟು. ಚಮಚದಿಂದ ನೂಕಿದ ಅನ್ನ ಹೊರಗೆ ಬೀಳದೆ ಆ ಗೋಡೆಗೆ ತಾಗಿ ಚಮಚದೊಳಗೇ ಬರುತ್ತದೆ. ತಾಟು ಜಾರದ ಹಾಗೆ ಅದರ ಕೆಳಗೆ ರಬ್ಬರು. ಎರಡು ಕಿವಿಯ ಲೋಟ. ದಪ್ಪ ಹಿಡಿಯ ಚಮಚ, ಅದರ ಕುತ್ತಿಗೆ ಒಂದು ಕಡೆಗೆ ಸೊಟ್ಟಗೆ ಬಾಗಿರುತ್ತದೆ. ಮಣಿಕಟ್ಟು ತಿರುಗಿಸದಿದ್ದರೂ ಅದೇ ತಾನಾಗಿ ಬಾಯಿಗೆ ಬರುತ್ತದೆ. ಎಷ್ಟೋ ವರ್ಷ ತಾಟು ಲೋಟ ತೊಳೆದವನು ನಾನು, ಇಂಥ ತಾಟೂ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ಖಾನಾವಳಿಯಲ್ಲಿ ಚಮಚ ಸೊಟ್ಟಗಾದರೆ ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡುತ್ತಿದ್ದೆವು.

ಮರುದಿನವೇ ರಾಯಚೂರಿಗೆ ಹೋದೆ. ಆಸ್ಪತ್ರೆಗಳ ಬೀದಿಯಲ್ಲಿ ಊರುಗೋಲು, ಗಾಲಿ ಕುರ್ಚಿ ಮಾರುವ ಅಂಗಡಿಯೊಂದಿತ್ತು. ಅಂಗಡಿಯವನು ತಾಟು, ರಬ್ಬರು, ಲೋಟ ಎಲ್ಲ ತೆಗೆದಿಟ್ಟ. ಚಮಚದ ಡಬ್ಬಿ ತೆರೆದು, "ಎಡಗೈದು ಕೊಡಲೇನ್ರಿ, ಬಲಗೈದು ಕೊಡಲೇನ್ರಿ?" ಎಂದು ಕೇಳಿದ.

ಅಲ್ಲೇ ನಾನು ಎಡವಿದ್ದು. ಅಂಗಡಿಯಲ್ಲಿ ಇನ್ನೂ ಮೂರು ನಾಲ್ಕು ಜನ ನಿಂತಿದ್ದರು. ಅವರೆಲ್ಲರ ಮುಂದೆ ಅವನು ನಮ್ಮ ಮನೆತನವನ್ನೇ ಕೇಳಿದ ಹಾಗೆ ನನಗೆ ಕೇಳಿಸಿತು.

"ಎಡಗೈ ಯಾಕ್ರಿ? ನಮ್ಮ ಮನೆಯಾಗ ಯಾರೂ ಎಡಗೈಲೆ ಉಣ್ಣಂಗಿಲ್ಲ" ಎಂದೆ ಬಿಗುವಾಗಿ.

"ಹಂಗಲ್ರಿ, ಪೇಷಂಟಿಗೆ ಯಾವ ಕೈ ಬರಾಬರಿ ಐತಿ ಅಂತ ಕೇಳಿದೆ."

"ಉಣ್ಣೋ ಕೈ ಯಾವುದೋ ಅದಽ ಕೊಡ್ರಿ. ಲಿಂಗಪೂಜಿ ಮಾಡೋ ಮನೆತನ ನಮ್ಮದು."

ಅವನು ನನ್ನ ಮುಖ ನೋಡಿದ. ಬಲಗೈಯ ಚಮಚ ಕಟ್ಟಿಕೊಟ್ಟ. ಮರ್ಯಾದೆ ಉಳಿಸಿಕೊಂಡ ಹೆಮ್ಮೆಯಲ್ಲಿ ನಾನು ಬಸ್ಸು ಹತ್ತಿದೆ. ಅಕ್ಕನ ಬಲಗೈ ಬಿದ್ದುಹೋಗಿ ತಿಂಗಳುಗಳಾಗಿವೆ, ಆ ಕಾರಣಕ್ಕೇ ನಾನು ಈ ಚಮಚ ಕೊಳ್ಳಲು ಬಂದದ್ದು ಎಂಬ ಯೋಚನೆ ದಾರಿಯುದ್ದಕ್ಕೂ ನನ್ನ ತಲೆಗೆ ಬರಲಿಲ್ಲ. ಕೃಷ್ಣಾ ಸೇತುವೆ ದಾಟುವಾಗಲೂ ಬರಲಿಲ್ಲ.

ಭಾನುವಾರ ಊಟದ ಹೊತ್ತಿಗೆ ಆಶ್ರಮದ ಊಟದ ಮನೆಯಲ್ಲಿ ಸಾಮಾನೆಲ್ಲ ಮೇಜಿನ ಮೇಲೆ ಹರಡಿದೆ. ನಾಲ್ಕೂ ಕಡೆಯ ಮುದುಕ ಮುದುಕಿಯರು ಮದುವೆ ಮನೆಯ ಉಡುಗೊರೆ ನೋಡುವ ಹಾಗೆ ಕತ್ತು ಚಾಚಿ ನೋಡಿದರು. ತಾಟಿನ ಗೋಡೆಯನ್ನು ಬೆರಳಿಂದ ಮುಟ್ಟಿ ಅಕ್ಕ, "ಇದೇನೋ, ತಾಟಿಗೆ ಕಂಪೌಂಡ್ ಕಟ್ಟ್ಯಾರ?" ಎಂದಳು. ತಿಂಗಳುಗಳ ಮೇಲೆ ಅವಳ ಬಾಯಿಂದ ತಮಾಷೆಯ ಮಾತು ಕೇಳಿ ನನಗೆ ಜೀವ ಬಂದಂತಾಯಿತು. ಎಡಗೈಯ ಮಾತು ತೆಗೆಯಬಾರದೆಂದು ನಾನು ಉಪಾಯವಾಗಿ, "ಇದು ಕೈಲೆ ಉಣ್ಣೋದಲ್ಲಕ್ಕಾ, ಚಮಚಾಲೆ ಉಣ್ಣೋದು. ಕೈ ಬರೀ ಹಿಡಿಯಾಕಷ್ಟ" ಎಂದೆ. ಅವಳು ಚಮಚವನ್ನು ಬೆರಳಿಂದ ಹಿಂದೆ ಮುಂದೆ ಹೊರಳಿಸಿ ನೋಡಿದಳು. ಆಮೇಲೆ ದಪ್ಪ ಹಿಡಿಯನ್ನು ಎಡಗೈಯಲ್ಲಿ ಹಿಡಿದಳು. ನಾನು ಪುಡಿ ಮಾಡಿ ಹಾಕಿದ್ದ ಮುಟಗಿಯನ್ನು ತಾಟಿನ ಗೋಡೆಗೆ ನೂಕಿದಳು. ಚಮಚ ತುಂಬಿತು. ಚಮಚ ಮೇಲೆದ್ದಿತು.

ಮೇಲೆದ್ದ ಚಮಚ ಅಕ್ಕನ ಬಾಯಿಗೆ ಬರಲಿಲ್ಲ. ಬಲಗೈಯವರಿಗೆಂದು ಬಾಗಿಸಿದ್ದನ್ನು ಎಡಗೈಯಲ್ಲಿ ಹಿಡಿದರೆ ಅದು ಬಾಯಿಗೆ ಬೆನ್ನು ತೋರಿಸಿ ಆಚೆ ಕಡೆ ಮುಖ ಮಾಡುತ್ತದೆ. ಆಚೆ ಕಡೆ ಕುಳಿತಿದ್ದವಳು ಗಟ್ಟು ಕಡೆಯ ಬಾಲಮ್ಮ. ಅವಳ ಎರಡೂ ಕೈ ಸದಾ ನಡುಗುತ್ತವೆ. ತಾನಾಗಿ ಉಣ್ಣಲು ಹೋದರೆ ಅರ್ಧ ಅನ್ನ ಸೆರಗಿನ ಮೇಲೆ. ತುಂಬಿದ ಚಮಚ ತನ್ನ ಬಾಯಿಯ ಮುಂದೆ ಬಂದು ನಿಂತದ್ದನ್ನು ಬಾಲಮ್ಮ ನೋಡಿದಳು. ಯಾಕೆ, ಏನು ಎಂದು ಕೇಳಲಿಲ್ಲ. ಬಾಯಿ ತೆರೆದು ಗಪ್ಪನೆ ತಿಂದಳು.

ಬಾಲಮ್ಮ ಅಗಿದು, ನುಂಗಿ, "ಬಾಗುಂದಿ. ಇಂಕೊಕ ಮುದ್ದ ಪೆಟ್ಟಕ್ಕಾ" ಎಂದಳು. ಚೆನ್ನಾಗಿದೆ, ಇನ್ನೊಂದು ತುತ್ತು ಹಾಕು ಎಂದು. ಅಕ್ಕ ಚಮಚವನ್ನು ನೋಡಿದಳು, ಬಾಲಮ್ಮನನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಚೆನ್ನಾ, ನನಗಂತ ತಂದೀಯೋ, ಬಾಲಮ್ಮಗಂತ ತಂದೀಯೋ?"

"ನಿನಗಽ ಅಕ್ಕಾ."

"ಬಲಗೈದು ತಂದೀಯಲ್ಲೋ ಮುಠ್ಠಾಳ! ನನ್ನ ಬಲಗೈ ಎಲ್ಲೈತಿ? ಮಕ್ತಲ್‌ನಾಗ ಬಿಟ್ಟು ಬಂದೀನೇನು?" ಎಂದವಳೇ ನಗತೊಡಗಿದಳು. ಒಂದೇ ಕಡೆಯ ತುಟಿ ಮೇಲೇಳುವ ನಗು, ಆದರೂ ನಗು. ನರ್ಸಮ್ಮ ನಕ್ಕರು, ಆಯಾ ನಕ್ಕಳು. ಬಾಲಮ್ಮ ಮಾತ್ರ ನಗಲಿಲ್ಲ. ಅವಳು ಬಾಯಿ ತೆರೆದು ಕಾದಿದ್ದಳು. ಆ ದಿನ ಮುಟಗಿಯಷ್ಟನ್ನೂ ಅಕ್ಕ ಬಾಲಮ್ಮನಿಗೆ ಉಣ್ಣಿಸಿದಳು. ತಾನು ಮಾತ್ರ ಒಂದು ತುತ್ತೂ ತಿನ್ನಲಿಲ್ಲ. ನನಗೆ ನಗು ಬರಲಿಲ್ಲ. ನಳಿಗೆಯ ಗಡುವು ಹತ್ತಿರ ಬರುತ್ತಿತ್ತು, ನನ್ನ ಮರ್ಯಾದೆಯ ದೆಸೆಯಿಂದ ಒಂದು ವಾರ ಬಾಲಮ್ಮನ ಹೊಟ್ಟೆಗೆ ಹೋಯಿತು.

ಮತ್ತೆ ರಾಯಚೂರು. ಈ ಸಲ ಅಂಗಡಿಯವನು ಕೇಳುವ ಮೊದಲೇ ನಾನು, "ಎಡಗೈದು" ಎಂದೆ. ಬೇರೆ ಗಿರಾಕಿಗಳು ಹೋಗುವ ತನಕ ಕಾದು, ತಗ್ಗಿದ ದನಿಯಲ್ಲಿ ಎಂದೆ ಎನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ. ಅವನು ದೊಡ್ಡ ಮನುಷ್ಯ, ನಗಲಿಲ್ಲ. "ಹಳೇದು ವಾಪಸ್ ತಗೊಳ್ಳಲೇನ್ರಿ?" ಎಂದು ಕೇಳಿದ. "ಬ್ಯಾಡ್ರಿ, ಅದು ಒಬ್ಬರ ಬಾಯಿಗೆ ರೂಢಿ ಆಗೇತಿ" ಎಂದೆ.

ಎಡಗೈಯ ಚಮಚ ಅಕ್ಕನಿಗೆ ಒಪ್ಪಿತು. "ಎಡಚ ಇರೋದು ಚಮಚ, ನಾನಲ್ಲ" ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು. ಆ ಒಂದು ಮಾತಿನಿಂದ ನಮ್ಮ ಮನೆತನದ ಮಾನವೂ ಉಳಿಯಿತು, ಎಡಗೈಗೂ ಕೆಲಸ ಸಿಕ್ಕಿತು. ನೂಕಿದಳು, ತುಂಬಿದಳು, ಎತ್ತಿದಳು. ಚಮಚ ನೇರವಾಗಿ ಬಾಯಿಗೆ ಬಂತು. ನನ್ನ ಕಣ್ಣಲ್ಲಿ ನೀರು ಬಂತು. ನಾನು ಇನ್ನೂ ಹತ್ತಿರಕ್ಕೆ ಸರಿದು ಕೂತೆ. ಎರಡನೆಯ ಚಮಚ ಹೋಯಿತು. ಮೂರನೆಯದು ಅರ್ಧ ದಾರಿಗೆ ಬಂದು ನಿಂತಿತು. ಅಕ್ಕ ಚಮಚವನ್ನು ತಾಟಿಗಿಟ್ಟಳು. "ಸಾಕು."

"ಯಾಕಕ್ಕಾ?"

"ಸಾಕಂದೆ."

ಮುಂದಿನ ಭಾನುವಾರವೂ ಅಷ್ಟೇ. ಸಾಮಾನು ಸರಿ, ಕೈ ಸರಿ, ಮುಟಗಿ ಸರಿ; ಎರಡು ಚಮಚವಾದ ಮೇಲೆ ಸಾಕು. ನಾನು ನರ್ಸಮ್ಮನ ಬಳಿ ಹೋದೆ. ಅವರು ಆಶ್ಚರ್ಯದಿಂದ, ಉಳಿದ ದಿನ ಮಾಣಿಕಮ್ಮ ಚೆನ್ನಾಗಿ ಉಣ್ಣುತ್ತಾರಲ್ಲ, ತಾಟು ಖಾಲಿ ಮಾಡುತ್ತಾರೆ ಎಂದರು. ನನಗೆ ಸಿಟ್ಟು ಬಂತು. ನನ್ನ ಕಣ್ಣೆದುರು ಉಣ್ಣದವಳು ಇವರೆದುರು ಹೇಗೆ ಉಣ್ಣುತ್ತಾಳೆ? ನಾನು ಕೂಡ ಊಟ ಮಾರುವವನು, ತಾಟು ಹೇಗೆಲ್ಲ ಖಾಲಿಯಾಗುತ್ತದೆಂದು ಬಲ್ಲೆ. "ಅನ್ನ ಹೊಟ್ಟಿಗೆ ಹೋಗ್ತೈತೋ, ಬಕೀಟಿಗೆ ಹೋಗ್ತೈತೋ, ಯಾರು ನೋಡ್ಯಾರ?" ಎಂದುಬಿಟ್ಟೆ. ತೆಲುಗಿನಲ್ಲಿ ಹೇಳಿದ್ದರಿಂದ ಅದು ಇನ್ನೂ ಒರಟಾಗಿತ್ತು. ನರ್ಸಮ್ಮನ ಮುಖ ಸಪ್ಪಗಾಯಿತು.

ಉತ್ತರ ಕೊಟ್ಟವಳು ಅಕ್ಕ. ಊಟದ ಮನೆಯ ಆ ತುದಿಯಿಂದ ನನ್ನ ಹೆಸರು ಹಿಡಿದು ಕೂಗಿದಳು. ಹೋದೆ.

"ಆ ಹುಡುಗಿಗೆ ಯಾಕ ಬೈತೀ? ಆಕಿ ತಪ್ಪೇನೈತಿ?"

"ಮತ್ತ ನೀ ಯಾಕ ಉಣ್ಣವಲ್ಲಿ?"

"ಉಣ್ತೀನಿ. ನೀ ಇಲ್ಲದ ದಿನ ಉಣ್ತೀನಿ."

ನನಗೆ ಅರ್ಥವಾಗಲಿಲ್ಲ. ಅಕ್ಕ ತೊದಲು ನಾಲಿಗೆಯಲ್ಲಿ, ಒಂದೊಂದೇ ಮಾತು ಕೂಡಿಸಿಕೊಂಡು, ಆದರೆ ಯಾರಿಗೂ ತಪ್ಪದೆ ಕೇಳಿಸುವ ಹಾಗೆ ಹೇಳಿದಳು: "ಚೆನ್ನಾ, ನೀ ನನ್ನ ಬಾಯಿ ನೋಡ್ತೀ. ನಾ ಬಾಯಿ ತೆಗದರ ನೀನೂ ತೆಗೀತಿ. ನಾ ನುಂಗಿದರ ನೀನೂ ನುಂಗ್ತೀ. ಒಂದು ಅಗಳು ಗದ್ದದ ಮ್ಯಾಲೆ ಬಿದ್ದರ ನಿನ್ನ ಕಣ್ಣಾಗ ನೀರು. ನಾ ಉಣ್ಣಲೇನು, ನಿನ್ನ ಸಂತೈಸಲೇನು? ಅನ್ನ ನುಂಗಬೌದು, ನಿನ್ನ ಮಾರಿ ಹೆಂಗ ನುಂಗಲಿ?"

ಬಾಲಮ್ಮ ತಲೆಯಾಡಿಸಿ, "ನಿಜಮೇ" ಎಂದಳು. ಅವಳ ತಲೆ ಯಾವಾಗಲೂ ಆಡುತ್ತಿರುತ್ತದೆ, ಆದರೆ ಆಗ ಬೇಕೆಂದೇ ಆಡಿಸಿದಳು.

"ಹೊರಗ ಹೋಗು" ಎಂದಳು ಅಕ್ಕ. "ಹೋಗಿ ಕಟ್ಟಿ ಮ್ಯಾಲೆ ಕುಂದ್ರು. ಈ ಕಡಿ ಬೆನ್ನು ಮಾಡು."

ಹೊರಗೆ ಬೇವಿನ ಮರದ ಕೆಳಗೆ ಸಿಮೆಂಟಿನ ಕಟ್ಟೆ ಇತ್ತು. ಹೋಗಿ ಬೆನ್ನು ಮಾಡಿ ಕುಳಿತೆ. ಮೊದಲು ಸಿಟ್ಟು ಬಂತು. ಊರಿನಿಂದ ಬಂದವನನ್ನು, ಮುಟಗಿ ತಂದವನನ್ನು, ಎರಡೆರಡು ಸಲ ರಾಯಚೂರಿಗೆ ಅಲೆದವನನ್ನು ಹೊರಗೆ ಹಾಕಿದ್ದಾಳೆ. ಆಮೇಲೆ ನಾಚಿಕೆಯಾಯಿತು. ಉಣ್ಣುವವರ ಕಡೆ ನೋಡಬೇಡ ಎಂದು ಇವಳು ಜನ್ಮವಿಡೀ ಹೇಳಿದ್ದಳು. ಅದು ದೃಷ್ಟಿಯ ಮಾತು, ಹಳೆಯ ಕಾಲದವರ ಮಾತು ಎಂದುಕೊಂಡಿದ್ದೆ. ನಾನು ಅವಳ ಬಾಯಿ ನೋಡುತ್ತಿದ್ದದ್ದು ಅವಳಿಗಾಗಿ ಎಂದುಕೊಂಡಿದ್ದೆ. ಇಲ್ಲ. ಒಂದೊಂದು ತುತ್ತು ಒಳಗೆ ಹೋದಾಗಲೂ ನನ್ನ ತಪ್ಪು ಅಷ್ಟಷ್ಟು ಕಡಿಮೆಯಾಯಿತೆಂದು ಲೆಕ್ಕ ಹಾಕುತ್ತಿದ್ದೆ. ಪಾಪ, ಅವಳು ಒಂದು ಹೊಟ್ಟೆಗೆ ಉಣ್ಣಬೇಕೋ, ನನ್ನ ಕೋಸಗಿ ಸೋದರತ್ತೆಗೂ ಉತ್ತರ ಕೊಡಬೇಕೋ?

ಹೀಗೆ ಕೂತಿರುವಾಗ ಒಳಗಿನಿಂದ ಸದ್ದು ಕೇಳಿಸಿತು. ಟಕ್. ಚಮಚ ತಾಟಿನ ಗೋಡೆಗೆ ತಾಗಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ನಡುವೆ ಅಕ್ಕನ ತೊದಲು ಮಾತು, ಬಾಲಮ್ಮನ ತೆಲುಗು; ಒಬ್ಬರ ಮಾತು ಇನ್ನೊಬ್ಬರಿಗೆ ಪೂರ್ತಿ ತಿಳಿಯುವುದಿಲ್ಲ, ಅದರಿಂದ ಮಾತಿಗೆ ಅಡ್ಡಿಯೂ ಇಲ್ಲ. ಮತ್ತೆ ಟಕ್. ಕೊನೆಗೆ ಕರಕರ ಕೆರೆಯುವ ಸದ್ದು. ಅದು ಯಾವ ಸದ್ದೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ತಾಟಿನ ತಳದಲ್ಲಿ ಅನ್ನ ಮುಗಿದು ಬರೀ ತಾಟು ಉಳಿದಾಗ ಬರುವ ಸದ್ದು ಅದು. ಕಟ್ಟೆಯ ಮೇಲೆ ಒಬ್ಬನೇ ಕೂತು ಮುಖ ಒರೆಸಿಕೊಂಡೆ. ಎದುರಿನ ಗೋಡೆಯ ಮೇಲಿನ ಬೆಕ್ಕು ನನ್ನನ್ನೇ ನೋಡುತ್ತಿತ್ತು. ನೋಡಲಿ ಎಂದು ಬಿಟ್ಟೆ.

ಒಳಗೆ ಹೋಗಿ ನರ್ಸಮ್ಮನ ಕ್ಷಮೆ ಕೇಳಿದೆ. ತೆಲುಗಿನಲ್ಲಿ ಬೈಯುವುದು ಬರುತ್ತದೆ, ಕ್ಷಮೆ ಕೇಳುವುದು ಅಷ್ಟು ಸರಿಯಾಗಿ ಬರುವುದಿಲ್ಲ, ಕೈ ಮುಗಿದೆ. ಅವರು ನಕ್ಕು, ಹಾಗಾದರೆ ಒಂದು ಕೆಲಸ ಮಾಡಿ, ಬಾಲಮ್ಮನ ಕೈಯ ನಡುಕ ತಗ್ಗಿಸುವ ಭಾರದ ಚಮಚ ಸಿಗುತ್ತದೆ, ಒಂದು ತಂದುಕೊಡಿ ಎಂದರು. ತಿಂಗಳ ಕೊನೆಯಲ್ಲಿ ಡಾಕ್ಟರು ಅಕ್ಕನನ್ನು ತೂಗಿ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ತೂಗಿ, ನಳಿಗೆಯ ಮಾತು ಬೇಡ ಎಂದರು. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. ಅಕ್ಕ, "ಮೂಗಿಗೆ ಮೂಗಬಟ್ಟು ಬಿಟ್ಟು ಬ್ಯಾರೇನೂ ಹಾಕಂಗಿಲ್ಲ ನಾನು. ಮೊದಲಽ ಕೇಳಿದ್ದರ ಹೇಳತಿದ್ದೆ" ಎಂದಳು.

ಈಗ ರಾಯಚೂರಿನ ಆ ಅಂಗಡಿಯವನಿಗೆ ನಾನು ಖಾಯಂ ಗಿರಾಕಿ. ಬಾಲಮ್ಮನಿಗೆ ಭಾರದ ಚಮಚ ಬಂತು. ಅವಳು ತಾನೇ ಉಣ್ಣುತ್ತಾಳೆ. ಆದರೂ ಆ ಬಲಗೈಯ ಚಮಚವನ್ನು ವಾಪಸು ಕೊಟ್ಟಿಲ್ಲ. ಏನಾದರೂ ರುಚಿಯಾದದ್ದಿದ್ದರೆ ಅಕ್ಕ ಅದರಲ್ಲಿ ಅವಳಿಗೆ ಒಂದು ತುತ್ತು ಚಾಚುತ್ತಾಳೆ. ಮೂಲೆಯ ಮೇಜಿನ, ತಹಶೀಲು ಕಚೇರಿಯ ನಿವೃತ್ತ ಗುಮಾಸ್ತರಿಗೆ ಎರಡು ಕಿವಿಯ ಲೋಟ ತಂದೆ. 'ಬಹುತ್ ಖೂಬ್' ಎಂದು ಅವರು ಅದರಲ್ಲಿ ಚಹಾ ಕುಡಿಯುತ್ತಾರೆ, ಮುಂಚೆ ಅರ್ಧ ಚಹಾ ಅಂಗಿಗೆ ಹೋಗುತ್ತಿತ್ತಂತೆ. ಭಾನುವಾರ ನನ್ನ ಚೀಲ ಕಂಡರೆ ಎಲ್ಲರೂ, ಈ ಸಲ ಯಾರಿಗೆ ಏನು ಬಂತು ಎಂದು ಕೇಳುತ್ತಾರೆ. ನಾನು ಕೈಗಳನ್ನು ನೋಡಿ, ಯಾವ ಕೈ ನೆಟ್ಟಗಿದೆ ಎಂದು ನಾಚಿಕೆಯಿಲ್ಲದೆ ಕೇಳಿ, ಬರೆದುಕೊಳ್ಳದೆ ನೆನಪಿಟ್ಟುಕೊಂಡು ಬರುತ್ತೇನೆ. ಬಡಿಸುವ ಹೊತ್ತಾದರೆ ಹೊರಗೆ ಹೋಗುತ್ತೇನೆ. ಇಡೀ ಕೆಲಸದಲ್ಲಿ ಕಷ್ಟವಾದ ಭಾಗ ಇದೊಂದೇ.

ಮೊನ್ನೆ ಹೊರಗೆ ಕೂತಿದ್ದಾಗ ನಾರಾಯಣಪೇಟೆಯಿಂದ ಒಬ್ಬ ಬಂದ. ಸೀರೆ ಅಂಗಡಿಯವನು, ತಾಯಿಯನ್ನು ಹೊಸದಾಗಿ ಆಶ್ರಮಕ್ಕೆ ಸೇರಿಸಿದ್ದಾನೆ. ಕೈಯಲ್ಲಿ ಡಬ್ಬಿ, ಕಣ್ಣಲ್ಲಿ ನಾನು ಚೆನ್ನಾಗಿ ಬಲ್ಲ ಆ ನೋಟ. ನೇರ ಊಟದ ಮನೆಗೆ ನುಗ್ಗುತ್ತಿದ್ದವನನ್ನು ತಡೆದೆ.

"ಈಗ ಒಳಗ ಹೋಗಬ್ಯಾಡ್ರಿ. ಉಣ್ಣಾಕ ಕುಂತಾರ."

"ನಮ್ಮವ್ವ ಉಣ್ತಾಳೋ ಇಲ್ಲೋ ನೋಡಬೇಕ್ರಿ."

"ನೋಡಿದರ ಉಣ್ಣಂಗಿಲ್ಲ. ಇಲ್ಲೇ ಕುಂದ್ರ್ರಿ. ಉಣ್ಣೋರ ಬಾಯಿ ನೋಡಬಾರದು" ಎಂದೆ. ಎಷ್ಟು ಗಂಭೀರವಾಗಿ ಹೇಳಿದೆನೆಂದರೆ ಅವನು ಡಬ್ಬಿ ತೊಡೆಯ ಮೇಲಿಟ್ಟುಕೊಂಡು ವಿದ್ಯಾರ್ಥಿಯ ಹಾಗೆ ಕುಳಿತುಬಿಟ್ಟ. ನನಗೆ ನನ್ನ ಬಗ್ಗೆ ಬಹಳ ಗೌರವ ಬಂತು. ಮನುಷ್ಯ ಬದಲಾಗುತ್ತಾನೆ, ಯಾವ ವಯಸ್ಸಿನಲ್ಲೂ ಬದಲಾಗಬಹುದು ಎಂದು ಅವನಿಗೆ ವಿವರಿಸುತ್ತ ಹೋದೆ. ಒಳಗೆ ಟಕ್ ಟಕ್ ಕೇಳಿಸುತ್ತಿತ್ತು. ಆಮೇಲೆ ಯಾಕೋ ಸದ್ದು ನಿಂತಿತು. ತುಸು ಹೊತ್ತು ಕಾದೆ. ಮತ್ತೂ ಸದ್ದಿಲ್ಲ. ಅಕ್ಕನಿಗೆ ಏನಾಯಿತೋ, ಗಂಟಲಿಗೇನಾದರೂ ಸಿಕ್ಕಿತೋ ಎಂದು, ಒಂದೇ ಒಂದು ಸಲ, ಕಿಟಕಿಯ ಅಂಚಿನಿಂದ ಅರ್ಧ ಕಣ್ಣು ಮಾತ್ರ ಎಂದುಕೊಂಡು, ಮೆಲ್ಲಗೆ ಎದ್ದು ಬಗ್ಗಿದೆ.

"ಚೆನ್ನಾ! ಕಿಟಕಿ ಬಿಡೋ!"

ಒಂದು ಅಕ್ಷರವೂ ತೊದಲಿರಲಿಲ್ಲ. ನಾನು ತಿರುಗಿ ಬಂದು ಕಟ್ಟೆಯ ಮೇಲೆ ಕುಳಿತೆ. ನಾರಾಯಣಪೇಟೆಯವನು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.